ಮಾವನ ಕಾರು ಮಿಸ್ಸಿಂಗು

ಕೆಲಸವಿಲ್ಲದೆ ನಿಂತಾಗ ನಡುಗುವುದು ಕಾರಿನ ಪಾಲಿಗೆ ರೋಗ, ಕೆಲಸವೆಂದರೆ ನಡುಗುವುದು ನನ್ನ ಪಾಲಿಗೆ ಹುಟ್ಟುಗುಣ. ಇದು ನನ್ನ ಹೆಂಡತಿಯ ಅಭಿಪ್ರಾಯ. ಮದುವೆಯಾದ ಹದಿನೇಳು ವರ್ಷಗಳಲ್ಲಿ ಆಕೆಯ ಯಾವ ಅಭಿಪ್ರಾಯವೂ ಬದಲಾಗಿಲ್ಲವಾದ್ದರಿಂದ ನಾನು ವಾದಕ್ಕೆ ಹೋಗುವುದಿಲ್ಲ. ಆದರೆ ಆ ಭಾನುವಾರದ ವಿಷಯದಲ್ಲಿ ನನ್ನ ಕಡೆಯ ಮಾತನ್ನೂ ಯಾರಾದರೂ ಕೇಳಬೇಕಲ್ಲ. ಮನೆಯಲ್ಲಿ ಯಾರೂ ಕೇಳಲಿಲ್ಲ. ಅದಕ್ಕೇ ನಿಮ್ಮ ಹತ್ತಿರ ಬಂದಿದ್ದೇನೆ.

ಮೊದಲು ಕಾರಿನ ವಿಷಯ. ಅದು ನನ್ನದಲ್ಲ, ಮಾವನವರದು. ನನ್ನ ಹೆಂಡತಿಗಿಂತ ಐದು ವರ್ಷ ಚಿಕ್ಕದು. (ಆದ್ದರಿಂದ ಅದರ ವಯಸ್ಸನ್ನು ನಾನು ಎಲ್ಲಿಯೂ ಹೇಳುವಂತಿಲ್ಲ.) ಅದರ ಸೀಟುಗಳ ಹೊದಿಕೆಯನ್ನು ಅತ್ತೆಯವರು ಕೈಯಾರೆ ಹೊಲಿದಿದ್ದರು. ಮುಂದಿನ ಎಡಗಡೆಯ ಸೀಟು ಅವರದು. ಅವರು ಹೋದ ಮೇಲೂ ನನ್ನ ಹೆಂಡತಿ ಆ ಸೀಟಿನ ಮೇಲೆ ಚೀಲ ಕೂಡ ಇಡುವುದಿಲ್ಲ. ಎರಡು ವರ್ಷದ ಹಿಂದೆ ಮಾವನವರಿಗೆ ಕಣ್ಣು ಮಂಜಾಯಿತು. ಕೀಲಿಕೈಯನ್ನು ಕಿರಿಮಗಳ ಕೈಗೆ, ಎಂದರೆ ನನ್ನ ಹೆಂಡತಿಯ ಕೈಗೆ, ಕೊಟ್ಟು ಒಂದು ಮಾತು ಹೇಳಿದರು: "ಪುಟ್ಟಿ, ಕಾರು ನಿಂಗೆ ಕೊಟ್ಟಿಲ್ಲ. ನಿನ್ನ ಸುಪರ್ದಿಗೆ ಕೊಟ್ಟಿದೀನಿ."

ಮಾವನವರು ಮೂವತ್ತೆರಡು ವರ್ಷ ಪೊಲೀಸ್ ಠಾಣೆಯಲ್ಲಿ ರೈಟರ್ ಆಗಿದ್ದವರು. ಊರಿನ ದೂರುಗಳನ್ನೆಲ್ಲ ದುಂಡಗಿನ ಅಕ್ಷರದಲ್ಲಿ ಬರೆದಿಟ್ಟವರು. ಸುಪರ್ದಿಗೆ ಕೊಟ್ಟ ಮಾಲನ್ನು ವರ್ಷಕ್ಕೊಮ್ಮೆ ತಪಾಸಣೆ ಮಾಡದೆ ಬಿಡುವವರಲ್ಲ. ತಪಾಸಣೆಯ ವಿಧಾನ ಇದು: ಕಾರನ್ನು ನಿಂತಲ್ಲೇ ಚಾಲೂ ಮಾಡಬೇಕು. ಆಕ್ಸಿಲರೇಟರ್ ಮುಟ್ಟಕೂಡದು. ಬಾನೆಟ್ಟಿನ ಮೇಲೆ ಒಂದು ಸ್ಟೀಲ್ ಲೋಟ, ಅದರ ತುಂಬ ಅಂಚಿನವರೆಗೆ ನೀರು. ಒಂದು ನಿಮಿಷ. "ತುಂಬಿದ ಕೊಡ ತುಳುಕೋಲ್ಲ" ಎಂದು ಗಾದೆ ಹೇಳಿ ಅವರು ಬಗ್ಗಿ ಲೋಟದ ಬುಡ ಮುಟ್ಟಿ ನೋಡುತ್ತಾರೆ. ಬುಡ ಒಣಗಿದ್ದರೆ ಕಾರು ಇನ್ನೊಂದು ವರ್ಷ ನಮ್ಮಲ್ಲಿ. ಒದ್ದೆಯಾಗಿದ್ದರೆ ದೊಡ್ಡಳಿಯನ ಮನೆಗೆ.

ದೊಡ್ಡಳಿಯ ಎಂದರೆ ನನ್ನ ಷಡ್ಡಕ. ಅವನಿಗೆ ಈಗಾಗಲೇ ಎರಡು ಕಾರುಗಳಿವೆ. ಮೂರನೆಯದನ್ನು ಓಡಿಸುವುದಕ್ಕಲ್ಲ, ತನ್ನ ಹೋಟೆಲಿನ ಮುಂದೆ ಹೂಕುಂಡಗಳ ನಡುವೆ ನಿಲ್ಲಿಸುವುದಕ್ಕೆ ಕೇಳುತ್ತಿದ್ದಾನೆ. ಬಂದ ಗಿರಾಕಿಗಳು ಒಳಗೆ ಕೂತು ಫೋಟೋ ತೆಗೆಸಿಕೊಳ್ಳಲಿ ಎಂದು. ಕಳೆದ ತಿಂಗಳು ನಮ್ಮ ಮನೆಗೆ ಬಂದವನು ಬಾನೆಟ್ ಎತ್ತಿ, "ಪಾಪ, ಎಷ್ಟು ವಯಸ್ಸಾಗಿದೆ" ಎಂದು ಇಂಜಿನ್ನಿನ ತಲೆ ಸವರಿ ಹೋದ. ಅದಾದ ಒಂದೆರಡು ದಿನಕ್ಕೆ ಕಾರು ನಡುಗಲು ಶುರುಮಾಡಿತು. ಈ ಎರಡು ಸಂಗತಿಗಳನ್ನು ನೀವು ನೆನಪಿಟ್ಟುಕೊಳ್ಳಿ. ನಾನಂತೂ ನೆನಪಿಟ್ಟುಕೊಂಡಿದ್ದೆ.

ಶುಕ್ರವಾರ ಸಂಜೆ ಹೆಂಡತಿ ಶಾಲೆಯಿಂದ ಬಂದು (ಆಕೆ ಗಣಿತದ ಟೀಚರು, ಮನೆಯಲ್ಲೂ) ಕೀಲಿಕೈಯನ್ನು ಮೇಜಿನ ಮೇಲೆ ಇಟ್ಟಳು.

"ರೀ, ಸಿಗ್ನಲ್ಲಲ್ಲಿ ನಿಂತ್ರೆ ಕಾರು ಗಡಗಡ ಅಂತ ನಡುಗೋದು ಜಾಸ್ತಿ ಆಗಿದೆ. ಇವತ್ತು ಎರಡು ಸಲ ಆಫ್ ಆಯ್ತು. ಭಾನುವಾರ ಅಪ್ಪ ಬರ್ತಾರೆ. ನಾಳೆ ಕಿವಿ ಮೇಸ್ತ್ರಿ ಹತ್ರ ಬಿಟ್ಟು ಬನ್ನಿ."

"ಅದು ಐಡ್ಲಿಂಗ್ ಸಮಸ್ಯೆ ಕಣೇ," ಎಂದೆ, ಪೇಪರಿನಿಂದ ತಲೆ ಎತ್ತದೆ.

"ಐಡ್ಲಿಂಗ್ ಅಂದ್ರೆ?"

"ಕೆಲಸ ಇಲ್ದೆ ಸುಮ್ನೆ ನಿಂತಿರೋದು."

"ಅದಕ್ಕೇ ನಿಮಗೆ ಅಷ್ಟು ಬೇಗ ಗೊತ್ತಾಯ್ತು."

ನಾನು ಪೇಪರ್ ಮಡಚಿದೆ. ಆಕೆ ನನ್ನೆದುರು ಕೂತಳು. ದನಿ ಇಳಿದಿತ್ತು. "ತಮಾಷೆ ಅಲ್ಲ ರೀ. ಅಮ್ಮನ ಸೀಟಲ್ಲಿ ಯಾರ್ಯಾರೋ ಕೂತು ಹಲ್ಲು ಕಿರಿದು ಫೋಟೋ ತೆಗೆಸ್ಕೊಳೋದನ್ನ ನಾನು ನೋಡಲಾರೆ. ಆ ಕಾರು ಹೋಯ್ತು ಅಂದ್ರೆ ನಂಗೆ ಅಮ್ಮ ಇನ್ನೊಂದ್ಸಲ ಹೋದ ಹಾಗೆ."

ಅಷ್ಟು ಹೇಳಿದ ಮೇಲೆ ಯಾವ ಗಂಡನಾದರೂ ಮರುದಿನ ಬೆಳಿಗ್ಗೆ ಕಾರನ್ನು ಮೇಸ್ತ್ರಿಯ ಬಳಿ ಬಿಟ್ಟು ಬರುತ್ತಿದ್ದ. ನಾನು ಬಿಡಲಿಲ್ಲ. ಏಕೆಂದರೆ ದೋಷ ಹುಡುಕುವುದು ನನ್ನ ಕಸುಬು. ನಾನು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್. ಅಂಗಡಿಗಳಿಗೆ ಹೋಗಿ ತಕ್ಕಡಿ ಪರೀಕ್ಷಿಸುತ್ತೇನೆ. ಸರಿಯಿದ್ದರೆ ನೀಲಿ ಗುರುತು, ತಪ್ಪಿದ್ದರೆ ಕೆಂಪು ಗುರುತು. ಅದಕ್ಕಾಗಿ ಎರಡೂ ತುದಿ ಚೂಪು ಮಾಡಿದ ಒಂದು ಕೆಂಪು-ನೀಲಿ ಪೆನ್ಸಿಲ್ ಸದಾ ನನ್ನ ಜೇಬಿನಲ್ಲಿರುತ್ತದೆ. ಅಂಗಿಯ ಜೇಬೆಲ್ಲ ಬಣ್ಣವಾಗುತ್ತದೆಂದು ಹೆಂಡತಿ ವರ್ಷಗಟ್ಟಲೆ ಗೊಣಗಿದ್ದಳು. ಅದಕ್ಕೂ ನಾನೇ ಪರಿಹಾರ ಹುಡುಕಿದ್ದೆ: ಎಲ್ಲೋ ಕೈಗೆ ಸಿಕ್ಕ ಪುಟ್ಟ ಕಪ್ಪು ರಬ್ಬರ್ ಮುಚ್ಚಳವೊಂದನ್ನು ಕೆಳತುದಿಗೆ ಸಿಕ್ಕಿಸಿದ್ದೆ. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತ್ತು. ಬರೆಯುವಾಗ ಅದನ್ನು ಹಲ್ಲಿನಿಂದ ಕಿತ್ತು ಬಾಯಲ್ಲೇ ಇಟ್ಟುಕೊಂಡು ಯೋಚಿಸುವುದು ಅಭ್ಯಾಸವಾಗಿಬಿಟ್ಟಿತ್ತು. ಇಡೀ ಊರಿನ ತಕ್ಕಡಿಗಳ ಕಳ್ಳತನ ಹಿಡಿಯುವವನು, ಮನೆ ಮುಂದೆ ನಿಂತ ಕಾರಿನ ದೋಷಕ್ಕೆ ಇನ್ನೊಬ್ಬರ ಬಾಗಿಲು ತಟ್ಟುವುದೆ?

ಶನಿವಾರ ಆಫೀಸಿನಲ್ಲಿ ಕೂತು ಮೊಬೈಲಿನಲ್ಲಿ ಮೂರು ವಿಡಿಯೋ ನೋಡಿದೆ. ಮೂರನೆಯದು ಮುಗಿಯುವ ಹೊತ್ತಿಗೆ ನನಗೆ ಇಂಜಿನ್ ಎಂಬುದು ಒಂದು ದೊಡ್ಡ ತಕ್ಕಡಿ ಎಂಬ ಜ್ಞಾನೋದಯವಾಗಿತ್ತು: ಈ ಕಡೆ ಪೆಟ್ರೋಲು, ಆ ಕಡೆ ಗಾಳಿ, ಎರಡೂ ಸಮ ಇದ್ದರೆ ಶಾಂತಿ. ಸಂಜೆ ಹೆಂಡತಿ ಕೇಳಿದಾಗ, "ಮೇಸ್ತ್ರಿ ಭಾನುವಾರ ಮನೆಗೇ ಬಂದು ನೋಡ್ತಾನಂತೆ," ಎಂದೆ. ಸುಳ್ಳು. ಆದರೆ ಮರುದಿನ ಕಾರು ಬುದ್ಧನ ಹಾಗೆ ನಿಂತಾಗ ಆಕೆ ನನ್ನನ್ನು ನೋಡುವ ನೋಟ ಕಣ್ಣ ಮುಂದೆ ಬಂದು, ಸುಳ್ಳನ್ನು ಹಿಂದಕ್ಕೆ ತೆಗೆದುಕೊಳ್ಳಲು ಮನಸ್ಸಾಗಲಿಲ್ಲ.

ಭಾನುವಾರ ಶಾಲೆಯಲ್ಲಿ ಯಾವುದೋ ಪರೀಕ್ಷೆಯ ಮೇಲ್ವಿಚಾರಣೆಗೆಂದು ಆಕೆ ಬಸ್ಸಿನಲ್ಲಿ ಹೊರಟಳು. ಬಾಗಿಲಲ್ಲಿ ನಿಂತು ಬೆರಳೆತ್ತಿದಳು. "ಅಪ್ಪ ನಾಲ್ಕಕ್ಕೆ ಬರೋದು. ನಾನು ಮೂರಕ್ಕೆ ಬರ್ತೀನಿ. ಮೇಸ್ತ್ರಿ ಬರೋವರೆಗೂ ಬಾನೆಟ್ ಮುಟ್ಟಬೇಡಿ."

"ಛೆ, ನಾನ್ಯಾಕೆ ಮುಟ್ಟಲಿ."

"ಮಿಕ್ಸಿ ರಿಪೇರಿ ಮಾಡುವಾಗಲೂ ಹೀಗೇ ಅಂದಿದ್ರಿ."

ಆಕೆ ಬೀದಿಯ ತಿರುವು ದಾಟಿದ್ದೇ ತಡ, ಬಾನೆಟ್ ಎತ್ತಿದೆ.

ಮೊದಲು ಲೋಟದ ಪರೀಕ್ಷೆ. ರೋಗ ಎಷ್ಟಿದೆ ಎಂದು ತಿಳಿಯಬೇಕಲ್ಲ. ಬಾನೆಟ್ ಮುಚ್ಚಿ, ಮೇಲೆ ನೀರು ತುಂಬಿದ ಲೋಟ ಇಟ್ಟು, ಕಾರು ಚಾಲೂ ಮಾಡಿದೆ. ಲೋಟ ತುಳುಕಲಿಲ್ಲ, ನಡೆಯಿತು. ಬಾನೆಟ್ಟಿನ ಮೇಲೆ ಪುಟ್ಟ ಪುಟ್ಟ ಹೆಜ್ಜೆ ಇಡುತ್ತ ಅಂಚಿಗೆ ಹೋಗಿ ಕೆಳಗೆ ಬಿತ್ತು. ಇಂಜಿನ್ ಒಂದು ಸಲ ಕೆಮ್ಮಿ ತಾನೂ ನಿಂತಿತು. ನನಗೆ ಸ್ವಲ್ಪ ಹೆದರಿಕೆಯಾಯಿತು. ಗಂಟೆ ಒಂಬತ್ತೂವರೆ.

ಏರ್ ಫಿಲ್ಟರ್ ತೆಗೆದು ಗೋಡೆಗೆ ಬಡಿದೆ. ಅದರಿಂದ ಬಂದ ಧೂಳು ಪಕ್ಕದ ಮನೆಯವರು ಆಗಷ್ಟೇ ಒಣಹಾಕಿದ್ದ ಬಟ್ಟೆಗಳ ಮೇಲೆ ಕೂತಿತು. (ಅದು ಬೇರೆಯೇ ಕಥೆ, ಇನ್ನೂ ನಡೆಯುತ್ತಿದೆ.) ಕಾರಿನ ನಡುಕದಲ್ಲಿ ವ್ಯತ್ಯಾಸವಿಲ್ಲ. ಪ್ಲಗ್ಗುಗಳನ್ನು ಬಿಚ್ಚಿ, ಉಜ್ಜಿ, ಹಲ್ಲುಜ್ಜಿದ ಮಕ್ಕಳ ಹಾಗೆ ಸಾಲಾಗಿ ನಿಲ್ಲಿಸಿ ನೋಡಿ, ಮತ್ತೆ ಹಾಕಿದೆ. ವ್ಯತ್ಯಾಸವಿಲ್ಲ. ವೈರುಗಳು ಅದಲುಬದಲಾಗಬಾರದೆಂದು ಒಂದೊಂದಕ್ಕೂ ಪೆನ್ಸಿಲಿನಿಂದ ಕೆಂಪು ನೀಲಿ ಗುರುತು ಹಾಕಿದ್ದೆ. ಇಡೀ ದಿನದಲ್ಲಿ ನಾನು ಮಾಡಿದ ಬುದ್ಧಿವಂತ ಕೆಲಸ ಅದೊಂದೇ.

ಆಮೇಲೆ ವಿಡಿಯೋದವನು ಹೇಳಿದ ಮುಖ್ಯ ಪರೀಕ್ಷೆ. ಇಂಜಿನ್ ಓಡುತ್ತಿರುವಾಗಲೇ ಪ್ಲಗ್ ವೈರುಗಳನ್ನು ಒಂದೊಂದಾಗಿ ಕೀಳಬೇಕು. ಯಾವುದನ್ನು ಕಿತ್ತಾಗ ಸದ್ದು ಬದಲಾಗುವುದಿಲ್ಲವೋ ಅದೇ ಕಳ್ಳ, ಅದು ಮೊದಲೇ ಕೆಲಸ ಮಾಡುತ್ತಿರಲಿಲ್ಲ. ನಮ್ಮ ಆಫೀಸಿಗೂ ಈ ಪರೀಕ್ಷೆ ತರಬೇಕೆಂದು ಯೋಚಿಸುತ್ತಲೇ ಮೊದಲ ವೈರಿಗೆ ಕೈ ಹಾಕಿದೆ. ಮೊಣಕೈವರೆಗೆ ಯಾರೋ ಚಾಟಿಯಿಂದ ಹೊಡೆದ ಹಾಗಾಯಿತು. ಕೈಗೆ ಅಡುಗೆಮನೆಯ ಬಟ್ಟೆ ಸುತ್ತಿಕೊಂಡು ಮುಂದುವರಿಸಿದೆ. ಒಂದನೆಯದನ್ನು ಕಿತ್ತೆ, ಸದ್ದು ಕೆಟ್ಟಿತು. ಎರಡನೆಯದು, ಕೆಟ್ಟಿತು. ಮೂರು, ನಾಲ್ಕು, ಆಗಲೂ ಕೆಟ್ಟಿತು. ನಾಲ್ವರೂ ನಿರಪರಾಧಿಗಳು. ಹಾಗಾದರೆ ತಪ್ಪು ಯಾರದು? ಗಂಟೆ ಹನ್ನೆರಡೂವರೆ. ಪೆನ್ಸಿಲಿನ ಮುಚ್ಚಳ ಬಾಯಲ್ಲಿಟ್ಟು ಕಚ್ಚುತ್ತ ಯೋಚಿಸಿದೆ. (ಈಚೆಗೆ ನನಗೆ ಯೋಚನೆ ಮಾಡಿದಾಗಲೆಲ್ಲ ಬಾಯಲ್ಲಿ ಪೆಟ್ರೋಲಿನ ರುಚಿ ಬರುತ್ತಿತ್ತು. ಕಾರಿನ ಚಿಂತೆ ಅಷ್ಟು ಆಳಕ್ಕೆ ಇಳಿದಿದೆ ಎಂದುಕೊಂಡಿದ್ದೆ.)

ಕೊನೆಗೆ ಕೆಟ್ಟ ಬುದ್ಧಿ ಬಂತು. ಕಾರ್ಬುರೇಟರಿನಲ್ಲಿ ಒಂದು ಸ್ಕ್ರೂ ಇದೆ, ತಿರುಗಿಸಿದರೆ ಇಂಜಿನ್ನಿನ ವೇಗ ಏರುತ್ತದೆ. ಜೋರಾಗಿ ಓಡುವ ಇಂಜಿನ್ ನಡುಗುವುದು ಕಡಿಮೆ. ಮಾವನವರಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ಒಂದು ನಿಮಿಷದ ಮಟ್ಟಿಗೆ ಟೋಪಿ ಹಾಕಿಬಿಟ್ಟರೆ ಸಾಕು, ಸೋಮವಾರ ಮೇಸ್ತ್ರಿ ಬಳಿ ಹೋದರಾಯಿತು. ತಿರುಗಿಸಿದೆ. ಕಾರು ವಿಮಾನದ ಹಾಗೆ ಅರಚತೊಡಗಿತು. ಮಾವನವರಿಗೆ ಕಣ್ಣು ಮಂಜಾದದ್ದು ನಿಜ, ಕಿವಿ ಮಂಜಾಗಿರಲಿಲ್ಲ. ಸ್ಕ್ರೂವನ್ನು ಅಂದಾಜಿನ ಮೇಲೆ ಮತ್ತೆ ಹಿಂದಕ್ಕೆ ತಿರುಗಿಸಿದೆ. ಪಕ್ಕದ ಮನೆಯಾಕೆ ಕಿಟಕಿ ಮುಚ್ಚಿಕೊಂಡರು.

ಒಂದು ಗಂಟೆಗೆ ಮಾನ ಮರ್ಯಾದೆ ಬದಿಗಿಟ್ಟು ಕಿವಿ ಮೇಸ್ತ್ರಿಗೆ ಫೋನ್ ಮಾಡಿದೆ. ಆತ ಹತ್ತು ವರ್ಷದಿಂದ ಆ ಕಾರನ್ನು ಬಲ್ಲ. ಕಣ್ಣು ಮುಚ್ಚಿ ಇಂಜಿನ್ನಿನ ಸದ್ದು ಕೇಳಿ ರೋಗ ಹೇಳುವುದರಿಂದ ಆ ಹೆಸರು.

"ಸಾರ್, ಗಾಡಿ ಚಾಲೂ ಮಾಡಿ, ಫೋನನ್ನ ಇಂಜಿನ್ ಹತ್ರ ಹಿಡೀರಿ," ಎಂದ.

ಹಿಡಿದೆ. ಸ್ಪೀಕರಿನಲ್ಲಿ ಆತನ ದನಿ ಬರುತ್ತಿತ್ತು. "ಹ್ಞೂಂ... ಇನ್ನೂ ಸ್ವಲ್ಪ ಒಳಗೆ... ಹಾಂ, ಇದು ಮಿಸ್ಸಿಂಗು ಸಾರ್. ಗೊತ್ತಾಯ್ತು. ಅಲ್ಲೊಂದು ಟೋ..."

ಅಷ್ಟರಲ್ಲಿ ಎಣ್ಣೆಗೈಯಿಂದ ಫೋನ್ ಜಾರಿತು. ಇಂಜಿನ್ನಿನ ಪಕ್ಕದ ಸಂದಿನಲ್ಲಿ ಇಳಿದು, ಎಲ್ಲೋ ಆಳದಲ್ಲಿ ಟಕ್ ಎಂದು ಕೂತಿತು. ನನ್ನ ಕೈ ಅಲ್ಲಿಗೆ ಹೋಗುವಂತಿರಲಿಲ್ಲ. 'ಟೋ' ಎಂದರೆ ಟೋ ಮಾಡಿಸಬೇಕೆಂದು ಅರ್ಥ ಮಾಡಿಕೊಂಡೆ. ಕಾರನ್ನು ಕಟ್ಟಿ ಎಳೆದುಕೊಂಡು ಹೋಗುವಷ್ಟು ಕೆಟ್ಟಿದೆಯೆ? ಎಳೆಸುವುದಕ್ಕೆ ಸಮಯವೆಲ್ಲಿದೆ, ಓಡಿಸಿಕೊಂಡೇ ಮೇಸ್ತ್ರಿಯ ಅಂಗಡಿ ಮುಟ್ಟಿಸುತ್ತೇನೆಂದು, ಮುಖ ಕೂಡ ತೊಳೆಯದೆ ಬೀದಿಗಿಳಿದೆ.

ಮನೆಯಿಂದ ಅಂಗಡಿಗೆ ಐದು ಸಿಗ್ನಲ್. ಮೊದಲನೆಯದರಲ್ಲಿ ಕಾರು ನಡುಗಿ ಸತ್ತಿತು, ಬದುಕಿಸಿದೆ. ಎರಡನೆಯದರಲ್ಲಿ ಸತ್ತಾಗ ಹಿಂದಿದ್ದ ಬಸ್ಸಿನವನು ನನ್ನ ಹಿರಿಯರನ್ನು ನೆನೆದ. ಹಸಿರು ದೀಪ ಕಂಡರೆ ಓಡಿಸುವುದು, ಕೆಂಪು ಕಂಡರೆ ಪಕ್ಕದ ಬೀದಿಗೆ ತಿರುಗಿಸುವುದು ಎಂಬ ಉಪಾಯ ಮಾಡಿ ಊರೆಲ್ಲ ಸುತ್ತಿದೆ. ಒಂದೂವರೆ ಮೈಲಿಯ ದಾರಿಯನ್ನು ಎರಡು ಗಂಟೆ ಓಡಿಸಿದ ಕೀರ್ತಿ ನನ್ನದು. ಮೂರು ಗಂಟೆ ಹತ್ತು ನಿಮಿಷಕ್ಕೆ ಮೂರನೆಯ ಸಿಗ್ನಲ್ಲಿನಲ್ಲಿ, ಸರಿಯಾಗಿ ಪೊಲೀಸ್ ಪೇದೆಯ ಮೂಗಿನ ಮುಂದೆ, ಕಾರು ಶಾಶ್ವತವಾಗಿ ನಿಂತಿತು.

ಪೇದೆ ಸಹಾಯಕ್ಕೆ ಬರುತ್ತಿದ್ದಾನೆಂದುಕೊಂಡೆ. ಆತ ಮೊದಲು ನಂಬರ್ ಪ್ಲೇಟ್ ನೋಡಿದ. ಆಮೇಲೆ ನನ್ನನ್ನು ನೋಡಿದ. ಮುಖಕ್ಕೆ ಮಸಿ, ಹರಿದ ಅಂಗಿ, ಕೈಗೆ ಸುತ್ತಿದ ಅಡುಗೆಮನೆಯ ಬಟ್ಟೆ. ಕಳ್ಳನ ವೇಷದಲ್ಲಿ ನಾನು ಯಾವ ಕೊರತೆಯನ್ನೂ ಉಳಿಸಿರಲಿಲ್ಲ.

"ಗಾಡಿ ಯಾರದು?"

"ಮಾವನವರದು."

"ಸರಿ ಹಾಗಾದ್ರೆ. ಇಳೀರಿ, ಮಾವನ ಮನೆಗೇ ಹೋಗೋಣ," ಎಂದು ಆತ ವೈರ್‌ಲೆಸ್ಸಿನಲ್ಲಿ ಮಾತಾಡಿದ. "ಸರ್, ಆ ಮಿಸ್ಸಿಂಗ್ ಗಾಡಿ ಸಿಕ್ತು. ಕಳ್ಳನೂ ಸಿಕ್ಕ."

ಇಲ್ಲಿ ನಾನು ಇಲ್ಲದಾಗ ಮನೆಯಲ್ಲಿ ನಡೆದದ್ದನ್ನು ಹೇಳಬೇಕು. ಪರೀಕ್ಷೆ ಬೇಗ ಮುಗಿದು ಹೆಂಡತಿ ಎರಡಕ್ಕೇ ಬಂದಿದ್ದಳು. ಮಗಳನ್ನು ನೋಡುವ ಆಸೆಗೆ ಮಾವನವರೂ ಬೇಗ ಬಂದಿದ್ದರು. ಮನೆ ಮುಂದೆ ಕಾರಿಲ್ಲ, ಒಳಗೆ ನಾನಿಲ್ಲ, ನನ್ನ ಫೋನ್ ರಿಂಗ್ ಆಗುತ್ತದೆ, ಯಾರೂ ಎತ್ತುವುದಿಲ್ಲ. ಆಕೆ ನೀರು ತರಲು ಒಳಗೆ ಹೋದಾಗ ಆಕೆಯ ಫೋನಿಗೆ ಮೇಸ್ತ್ರಿಯ ಕರೆ ಬಂತು. ಮಾವನವರು ಎತ್ತಿದರು.

"ಮೇಡಂಗೆ ಹೇಳಿ ಸಾರ್, ನಿಮ್ಮ ಗಾಡಿ ಮಿಸ್ಸಿಂಗು," ಎಂದ ಮೇಸ್ತ್ರಿ. "ಮನೆಯೋರು ಮಾತಾಡ್ತಾ ಮಾತಾಡ್ತಾ ಲೈನ್ ಕಟ್ ಆಗೋಯ್ತು. ಫೋನ್ ಮಾಡಿದ್ರೆ ಎತ್ತುತ್ತಿಲ್ಲ."

ಮೆಕ್ಯಾನಿಕ್ಕುಗಳ ಭಾಷೆಯಲ್ಲಿ ಮಿಸ್ಸಿಂಗ್ ಎಂದರೆ ಇಂಜಿನ್ ಒಂದೊಂದು ಸಲ ಉರಿಯುವುದನ್ನು ತಪ್ಪಿಸುವುದು, ಅಷ್ಟೆ. ಆದರೆ ಮೂವತ್ತೆರಡು ವರ್ಷ ಮಿಸ್ಸಿಂಗ್ ರಿಜಿಸ್ಟರ್ ಬರೆದ ಮನುಷ್ಯನಿಗೆ ಆ ಪದಕ್ಕೆ ಒಂದೇ ಅರ್ಥ. ಮಾವನವರು ಎದ್ದು ನಿಂತರಂತೆ. ವಯಸ್ಸು ಹತ್ತು ವರ್ಷ ಇಳಿದಿತ್ತಂತೆ. "ಪುಟ್ಟಿ, ಚಪ್ಪಲಿ ಹಾಕ್ಕೋ. ಠಾಣೆಗೆ ಹೋಗೋಣ."

ನನ್ನನ್ನು ಠಾಣೆಯ ಅಂಗಳಕ್ಕೆ ತಂದಾಗ ಮಾವನವರು ತಮ್ಮ ಹಳೆಯ ಮೇಜಿನ ಹಿಂದೆ ಕೂತಿದ್ದರು. ಈಗಿನ ರೈಟರು ಅವರ ಕೈಕೆಳಗೆ ಬರೆದು ಕಲಿತವನಂತೆ, ಪಕ್ಕದಲ್ಲಿ ನಿಂತಿದ್ದ. ಕಾರನ್ನು ನಾಲ್ಕು ಜನ ತಳ್ಳಿಕೊಂಡು ಬಂದರು. ಮಾವನವರು ಹೊರಗೆ ಬಂದು ನನ್ನ ಮುಖದ ಹತ್ತಿರ ಮುಖ ತಂದು ದಿಟ್ಟಿಸಿದರು.

"ಇವನೇನಾ? ಮೂವತ್ತೆರಡು ವರ್ಷದ ಸರ್ವಿಸ್ಸಲ್ಲಿ ಇಂಥ ಮುಖ ಎಷ್ಟು ನೋಡಿಲ್ಲ. ಹುಟ್ಟು ಕಳ್ಳ."

"ಮಾವ, ನಾನು," ಎಂದೆ.

"ದನಿ ಎಲ್ಲೋ ಕೇಳಿದ ಹಾಗಿದೆ," ಎಂದರು.

ಪೇದೆ ನನ್ನ ಹೆಂಡತಿಯ ಕಡೆ ತಿರುಗಿದ. "ಅಮ್ಮಾ, ಇವರು ನಿಮ್ಮ ಯಜಮಾನರಂತೆ. ಹೌದಾ?"

ಆಕೆ ನನ್ನ ಮುಖ ನೋಡಲಿಲ್ಲ. ಮೊದಲು ನನ್ನ ಕೈಗಳನ್ನು ನೋಡಿದಳು. ಆಮೇಲೆ ಬಾನೆಟ್ಟಿನ ಮೇಲಿದ್ದ ಹತ್ತು ಎಣ್ಣೆಬೆರಳಿನ ಗುರುತುಗಳನ್ನು ನೋಡಿದಳು. "ಹೌದು," ಎಂದಳು. "ಅವರೇ."

ನನ್ನನ್ನು ಕರೆತರುವ ಎರಡು ನಿಮಿಷ ಮೊದಲಷ್ಟೇ ಆಕೆ ಮೇಸ್ತ್ರಿಗೆ ಫೋನ್ ಮಾಡಿದ್ದಳು, ಗಾಡಿ ಮಿಸ್ಸಿಂಗ್ ಆದದ್ದು ನಿನಗೆ ಹೇಗೆ ಗೊತ್ತು ಎಂದು. ಆತ ಅರ್ಥ ಬಿಡಿಸಿ ಹೇಳಿ, ತಾನೇ ಹೊರಟು ಬರುತ್ತಿದ್ದೇನೆ ಎಂದಿದ್ದ. ಶನಿವಾರ ನಾನು ಆತನ ಅಂಗಡಿಯ ಕಡೆ ತಲೆಯೂ ಹಾಕಿರಲಿಲ್ಲವೆಂಬುದನ್ನೂ ಹೇಳಿದ್ದ. ಅದನ್ನೆಲ್ಲ ಆಕೆ ಈಗ ಅಪ್ಪನಿಗೆ ಹೇಳಿದಳು, ಕಳ್ಳತನದ ದೂರು ಅಲ್ಲಿಗೆ ಬಿತ್ತು. ಎಲ್ಲರೂ ನಗುತ್ತ ಮನೆಗೆ ಹೋಗಬಹುದಾಗಿತ್ತು. ಆದರೆ ಠಾಣೆಯ ಗೋಡೆ ಗಡಿಯಾರ ನಾಲ್ಕು ಹೊಡೆಯಿತು.

"ನಾಲ್ಕು ಗಂಟೆ," ಎಂದರು ಮಾವನವರು. "ತಪಾಸಣೆ ಸಮಯ. ರೈಟರೇ, ಒಂದು ಲೋಟ ನೀರು."

"ಅಪ್ಪ, ಮನೆಗೆ ಹೋಗಿ..."

"ಮಾಲು ಇಲ್ಲಿದೆ, ನಾನಿಲ್ಲಿದೀನಿ. ಮನೆ ಆದ್ರೇನು, ಠಾಣೆ ಆದ್ರೇನು."

ಹೆಂಡತಿ ಕಾರಿನಲ್ಲಿ ಕೂತು ಕೀಲಿ ತಿರುಗಿಸಿದಳು. ಹಾಳಾದದ್ದು ಆಗ ಮೊದಲ ಸಲಕ್ಕೇ ಚಾಲೂ ಆಯಿತು. ಕನ್ನಡಿ, ಬಾಗಿಲು, ಹೆಂಡತಿಯ ಕಿವಿಯ ಓಲೆ, ಎಲ್ಲ ಗಡಗಡ. ಮಾವನವರು ಲೋಟ ಇಟ್ಟು ಕೈ ತೆಗೆದರು. ಹತ್ತು ಸೆಕೆಂಡು ಆಗಿರಲಿಲ್ಲ, ನೀರು ಅಂಚು ದಾಟಿ ಬಾನೆಟ್ಟಿನ ಮೇಲೆ ಹರಿದು ಅವರ ಚಪ್ಪಲಿಯ ಮೇಲೆ ಬಿತ್ತು. ಲೋಟದ ಬುಡ ಮುಟ್ಟಿ ನೋಡುವ ಅಗತ್ಯವೇ ಬರಲಿಲ್ಲ.

"ಅಳಿಯಂದಿರೇ," ಎಂದರು ಮಾವನವರು ಮೆಲ್ಲಗೆ. ಬೈದಿದ್ದರೆ ಚೆನ್ನಾಗಿತ್ತು. "ಅವಳು ಹೊಲಿದ ಸೀಟು ಹೀಗೆ ನಡುಗೋದು ನಂಗೆ ನೋಡಕ್ಕಾಗಲ್ಲ. ನನ್ನ ಫೋನು ಮನೇಲಿ ಉಳೀತು. ನೀವೇ ನಿಮ್ಮ ಫೋನಿಂದ ದೊಡ್ಡಳಿಯನಿಗೆ ಒಂದು ಫೋನ್ ಹಚ್ಚಿಕೊಡಿ."

ಹೆಂಡತಿ ಕಾರಿನಿಂದ ಇಳಿದು ಬಂದಳು. ಕಣ್ಣು ತುಂಬಿತ್ತು. "ಕೊಡಿ," ಎಂದಳು ನನಗೆ. "ಫೋನ್ ಕೊಡಿ ಅಪ್ಪನಿಗೆ."

"ಇಲ್ಲ ಕಣೇ."

"ಯಾಕಿಲ್ಲ?"

"ಇಂಜಿನ್ನಲ್ಲಿ ಬಿದ್ದಿದೆ."

ಆಕೆ ಲೋಟ ತೆಗೆದು ಬದಿಗಿಟ್ಟಳು. ಬಾನೆಟ್ ಎತ್ತಿದಳು. ಇಂಜಿನ್ ಓಡುತ್ತಲೇ ಇತ್ತು. ಸೆರಗು ಬಿಗಿದುಕೊಂಡು, ಬಳೆ ಮೇಲೆ ಸರಿಸಿ, ನನ್ನ ಕೈ ಹೋಗದ ಸಂದಿಗೆ ಕೈ ಇಳಿಸಿದಳು. ಫೋನ್ ಎತ್ತಿ ನನ್ನ ಕೈಗೆ ಕೊಟ್ಟಳು. ಆದರೆ ತಲೆಯನ್ನು ಮೇಲೆತ್ತಲಿಲ್ಲ.

"ಇದೇನ್ರೀ, ಉಸ್ ಅಂತಿದೆ?"

"ಇಂಜಿನ್ ಅಂದ ಮೇಲೆ ಸದ್ದು..."

"ಸುಮ್ನಿರಿ. ಕುಕ್ಕರಿನ ರಬ್ಬರು ಹೋದಾಗ ಹೀಗೇ ಉಸ್ ಅನ್ನುತ್ತೆ. ಎಲ್ಲೋ ಗಾಳಿ ಎಳೀತಿದೆ."

ಕಿವಿಯನ್ನು ಅತ್ತ ಇತ್ತ ವಾಲಿಸಿ ಕೇಳಿದಳು. ಆಮೇಲೆ ಕಾರ್ಬುರೇಟರಿನ ಕೆಳಗೆ ಬೆರಳು ತೂರಿಸಿದಳು. ಅಲ್ಲಿ ಪೆನ್ಸಿಲ್ ಗಾತ್ರದ ಒಂದು ಪುಟ್ಟ ಕೊಳವೆ, ಬಾಯಿ ತೆರೆದುಕೊಂಡು ನಿಂತಿತ್ತು. ಅದರ ಮೇಲೆ ಬೆರಳಿಟ್ಟಳು. ಉಸ್ ಎಂಬ ಸದ್ದು ನಿಂತಿತು. ಅದರ ಜೊತೆಗೇ ಕನ್ನಡಿ ನಿಂತಿತು, ಬಾಗಿಲು ನಿಂತಿತು. ಇಂಜಿನ್ ಓಡುತ್ತಿದೆಯೋ ಇಲ್ಲವೋ ಎಂದು ಪೇದೆ ಬಗ್ಗಿ ನೋಡಿದ.

ನಾನು ಬೆಳಿಗ್ಗೆ ಒಂಬತ್ತರಿಂದ ಹುಡುಕಿದ್ದನ್ನು ಆಕೆ ಅರ್ಧ ನಿಮಿಷದಲ್ಲಿ ಹುಡುಕಿದ್ದಳು. ನನಗೆ ಸಂತೋಷವಾಯಿತು, ನಿಜ. ಹೊಟ್ಟೆ ಉರಿಯಿತು, ಅದೂ ನಿಜ.

"ಜೀವಮಾನವಿಡೀ ಅಲ್ಲೇ ಬೆರಳಿಟ್ಕೊಂಡು ಕೂರೋಕಾಗುತ್ತಾ ಮಗಳೇ?" ಎಂದರು ಮಾವನವರು. ಆದರೆ ದನಿಯಲ್ಲಿ ಆಸೆ ಇತ್ತು.

ಆ ಹೊತ್ತಿಗೆ ಮೇಸ್ತ್ರಿ ತನ್ನ ಸ್ಕೂಟರ್ ನಿಲ್ಲಿಸಿ ಬಂದ. ಆಕೆಯ ಬೆರಳು ಎಲ್ಲಿದೆಯೆಂದು ನೋಡಿ ತಲೆಯಾಡಿಸಿದ. "ಅದೇ ಮೇಡಂ. ಫೋನಲ್ಲೇ ಕೇಳಿಸ್ತು ನಂಗೆ. ಟೋಪಿ ಬಿದ್ದಿದೆ ಅಂತ ಸಾರ್‌ಗೆ ಹೇಳೋಷ್ಟರಲ್ಲಿ ಲೈನ್ ಹೋಯ್ತು. ಈ ಕೊಳವೆಗೆ ಒಂದು ರಬ್ಬರ್ ಟೋಪಿ ಇರುತ್ತೆ. ಅದಿಲ್ಲ ಅಂದ್ರೆ ಬೇಡದ ಗಾಳಿ ಒಳಗೆ ನುಗ್ಗಿ ಗಾಡಿ ನಡುಗುತ್ತೆ." ಆಮೇಲೆ ಹುಬ್ಬು ಗಂಟಿಕ್ಕಿದ. "ಆದ್ರೆ ಇದು ತಾನಾಗಿ ಬೀಳೋದಲ್ಲ. ಹೋದ ಸಲ ನಾನೇ ಬಿಗಿಯಾಗಿ ಹಾಕಿದ್ದೆ. ಯಾರೋ ಕಿತ್ತಿದಾರೆ."

ಕಿತ್ತಿದ್ದಾರೆ ಎಂಬ ಮಾತು ಕೇಳಿ ಮಾವನವರ ಕಿವಿ ನೆಟ್ಟಗಾಯಿತು. ನನಗೂ ಅಷ್ಟೆ. ಇಡೀ ದಿನದ ಅವಮಾನಕ್ಕೆ ಪರಿಹಾರ ಕಣ್ಣ ಮುಂದೆ ಬಂದು ನಿಂತಿತ್ತು. ಕಳೆದ ತಿಂಗಳು ಯಾರು ಬಾನೆಟ್ ಎತ್ತಿದ್ದು? ಯಾರು ಇಂಜಿನ್ನಿನ ತಲೆ ಸವರಿದ್ದು? ಯಾರ ಹೋಟೆಲಿನ ಮುಂದೆ ಹೂಕುಂಡಗಳು ಕಾದು ನಿಂತಿವೆ?

"ಮಾವ," ಎಂದೆ, ಎದೆ ಮುಂದೆ ಮಾಡಿ. "ಇಷ್ಟು ದಿನ ಹೇಳಬಾರದು ಅಂತ ಸುಮ್ಮನಿದ್ದೆ. ಇದು ದುರುದ್ದೇಶದಿಂದ, ಪೂರ್ವಯೋಜಿತವಾಗಿ ನಡೆದ ಕೃತ್ಯ. ಟೋಪಿ ಎಲ್ಲಿ ಹೋಯಿತು ಅಂತ ನಿಮ್ಮ ದೊಡ್ಡಳಿಯನ ಜೇಬು ಹುಡುಕಿಸಿದರೆ ಗೊತ್ತಾಗುತ್ತೆ. ಟೋಪಿ ಕದ್ದವರೇ ನಿಮಗೂ ಟೋಪಿ ಹಾಕೋಕೆ ಹೊರಟಿದಾರೆ."

"ರೀ, ಸುಮ್ನಿರಿ," ಎಂದಳು ಹೆಂಡತಿ.

"ಬಾಯಿಮಾತು ಬೇಡ," ಎಂದರು ಮಾವನವರು ಗಂಭೀರವಾಗಿ. "ಆಪಾದನೆ ದೊಡ್ಡದು. ಬರೆದು ಕೊಡಿ."

ಪೇದೆ ಹಾಳೆ ತಂದು ಬಾಗಿಲ ಬಳಿಯ ಬೆಂಚಿನ ಮೇಲೆ ಇಟ್ಟ. ನಾನು ಜೇಬಿನಿಂದ ಪೆನ್ಸಿಲ್ ತೆಗೆದೆ. ಇಂಥ ಸಂದರ್ಭಕ್ಕೆ ಕೆಂಪೇ ತಕ್ಕದ್ದು. ಹಲ್ಲಿನಿಂದ ಮುಚ್ಚಳ ಕಿತ್ತೆ, ಬಾಯಲ್ಲೇ ಹಿಡಿದೆ, 'ಮಾನ್ಯರೇ' ಎಂದು ಬರೆದೆ. ಮುಂದಿನ ವಾಕ್ಯ ಘನವಾಗಿರಬೇಕೆಂದು ಆಕಾಶ ನೋಡುತ್ತ ಮುಚ್ಚಳ ಕಚ್ಚಿದೆ. ಪೆಟ್ರೋಲಿನ ರುಚಿ ಬಂತು.

"ಸಾರ್," ಎಂದ ಕಿವಿ ಮೇಸ್ತ್ರಿ. "ಬಾಯಲ್ಲಿರೋದು ಏನು?"

"ಪೆಂಚಿಲ್ಲಿನ ಮುಚ್ಚಳ," ಎಂದೆ, ಅದನ್ನು ಹಲ್ಲಿನ ನಡುವೆ ಇಟ್ಟುಕೊಂಡೇ.

"ಸ್ವಲ್ಪ ಕೊಡಿ."

ಆತ ಅದನ್ನು ನನ್ನ ಬಾಯಿಂದಲೇ ತೆಗೆದು, ಒರೆಸಿ, ಬೆಳಕಿಗೆ ಹಿಡಿದು ನೋಡಿದ. ನನ್ನ ಹಲ್ಲಿನ ಗುರುತು ಸುತ್ತಲೂ ಬಿದ್ದಿತ್ತು. ನೇರವಾಗಿ ಹೋಗಿ ಹೆಂಡತಿಯ ಬೆರಳು ಸರಿಸಿ ಕೊಳವೆಗೆ ಸಿಕ್ಕಿಸಿದ. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು.

ಆಗ, ಆಗ ಮಾತ್ರ, ನನಗೆ ನೆನಪಾಯಿತು. ಷಡ್ಡಕ ಬಾನೆಟ್ ಎತ್ತಿ "ಪಾಪ" ಎಂದು ಹೋದ ಮರುದಿನ ನನಗೆ ರೋಷ ಬಂದು ಇಂಜಿನ್ನನ್ನು ಬಟ್ಟೆಯಿಂದ ತಿಕ್ಕಿ ತಿಕ್ಕಿ ಫಳಫಳ ಮಾಡಿದ್ದೆ. ಆಗ ಬಟ್ಟೆಯ ಜೊತೆ ಏನೋ ಪುಟ್ಟದೊಂದು ಕೈಗೆ ಬಂದಿತ್ತು. ಎಲ್ಲೋ ಕೈಗೆ ಸಿಕ್ಕಿತೆಂದು ನಿಮಗೆ ಹೇಳಿದೆನಲ್ಲ, ಆ ಎಲ್ಲೋ ಎಂಬುದು ಅದೇ.

ಹೆಂಡತಿ ನನ್ನನ್ನು ನೋಡಿದಳು. ಒಂದು ತಿಂಗಳು ಆ ಕಾರು ಪ್ರತಿ ಸಿಗ್ನಲ್ಲಿನಲ್ಲಿ ನಡುಗಿದಾಗಲೂ ಅದರ ಮದ್ದು ಕಟ್ಟಿಕೊಂಡ ಗಂಡನ ಜೇಬಿನಲ್ಲಿತ್ತು ಎಂಬ ಲೆಕ್ಕ ಆಕೆಯ ಮುಖದಲ್ಲಿ ಹಂತಹಂತವಾಗಿ ನಡೆಯುವುದು ಕಾಣಿಸಿತು. ಗಣಿತದ ಟೀಚರು. ಉತ್ತರ ಬಂದಾಗ ಬೆಂಚಿನ ಮೇಲೆ ಕೂತು, ಮುಖಕ್ಕೆ ಸೆರಗು ಮುಚ್ಚಿಕೊಂಡು ನಗತೊಡಗಿದಳು. ನಗುತ್ತಲೇ ಅತ್ತಳು. ಶುಕ್ರವಾರದಿಂದ ಹಿಡಿದಿಟ್ಟುಕೊಂಡಿದ್ದ ಹೆದರಿಕೆ ಅದು, ನನಗೂ ಗೊತ್ತಾಯಿತು.

ಮಾವನವರು ಮತ್ತೆ ಲೋಟ ತುಂಬಿಸಿದರು. ಬಾನೆಟ್ ಮುಚ್ಚಿ ಮೇಲಿಟ್ಟರು. ಒಂದು ನಿಮಿಷ ಠಾಣೆಗೆ ಠಾಣೆಯೇ ಉಸಿರು ಹಿಡಿದು ನಿಂತಿತು. ಅವರು ಬಗ್ಗಿ ಬುಡ ಮುಟ್ಟಿದರು. ಬೆರಳು ಬೆರಳಿಗೆ ಉಜ್ಜಿ ನೋಡಿದರು. ಒಣಗಿತ್ತು.

"ಪುಟ್ಟಿ, ಇನ್ಮೇಲೆ ಸುಪರ್ದಿ ಗಿಪರ್ದಿ ಏನಿಲ್ಲ," ಎಂದರು. "ಕಾರು ನಿಂದೇ. ರೋಗ ಕೇಳಿಸ್ಕೊಳೋ ಕಿವಿ ಇರೋ ಮನೇಲೇ ಇರಲಿ ಅದು." ಆಮೇಲೆ ನನ್ನ 'ಮಾನ್ಯರೇ' ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದು ಅದರ ಕೆಳಗೆ ತಾವೇ ದುಂಡಗಿನ ಅಕ್ಷರದಲ್ಲಿ ಬರೆದು ಗಟ್ಟಿಯಾಗಿ ಓದಿದರು: "ಕಾಣೆಯಾದದ್ದು: ಟೋಪಿ, ಒಂದು. ಪತ್ತೆಯಾದ ಸ್ಥಳ: ದೂರುದಾರನ ಬಾಯಿ. ಪ್ರಕರಣ ಮುಕ್ತಾಯ."

ಮನೆಗೆ ಹೋಗುವಾಗ ಮಾವನವರನ್ನು ಹೆಂಡತಿ ಅಮ್ಮನ ಸೀಟಿನಲ್ಲಿ ಕೂರಿಸಿದಳು. ನಾನು ಹಿಂದೆ ಕೂತೆ. ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಯಾರ ಕಿವಿಯ ಓಲೆಯೂ ಅಲ್ಲಾಡಲಿಲ್ಲ. ಹಿಂದಿನ ಸೀಟು ಈಗ ನನಗೆ ಕಾಯಂ ಆಗಿದೆ.

ಪೆನ್ಸಿಲ್ ಇನ್ನೂ ನನ್ನ ಜೇಬಿನಲ್ಲಿದೆ, ಟೋಪಿ ಇಲ್ಲದೆ. ಬಗ್ಗಿದರೆ ಸರಿಯಾಗಿ ಎದೆಗೆ ಚುಚ್ಚುತ್ತದೆ. ಬೇರೊಂದು ಮುಚ್ಚಳ ಹುಡುಕಿಕೊಳ್ಳುತ್ತೇನೆಂದರೆ ಹೆಂಡತಿ ಬಿಡುವುದಿಲ್ಲ. ಅಂಗಿಗೆ ಬಣ್ಣವಾದರೂ ಚಿಂತೆಯಿಲ್ಲವಂತೆ. ದಿನಾ ಬೆಳಿಗ್ಗೆ ಅದರ ಎರಡೂ ತುದಿಗಳನ್ನು ಆಕೆಯೇ ಚೂಪು ಮಾಡಿ, ನನ್ನ ಜೇಬಿಗಿಟ್ಟು, ಬಾನೆಟ್ಟಿನ ಮುಂದೆ ನನ್ನನ್ನು ಒಂದು ಸಲ ಬಗ್ಗಿಸಿ, ಚುಚ್ಚುತ್ತದೆಯೇ ಎಂದು ನೋಡಿ ಆಮೇಲೆ ಶಾಲೆಗೆ ಹೋಗುತ್ತಾಳೆ.